ಮಾವನವರ ಆಪರೇಷನ್ನೂ ಕಂಡಕ್ಟರ್ ಎಂಬ ಮೀನೂ

ನಮ್ಮ ಮನೆಗೆ ಹೆದರಿಕೆ ಒಂಟಿಯಾಗಿ ಬಂದದ್ದೇ ಇಲ್ಲ. ಅದರ ಬೆನ್ನಿಗೇ ನಗು ಬರುವಂಥದ್ದೊಂದು ಬರುತ್ತದೆ, ಅದೂ ಸರಿಯಾಗಿ ನಗಬಾರದ ಹೊತ್ತಿಗೆ. ನಾನು ಸಾಫ್ಟ್‌ವೇರ್ ಟೆಸ್ಟರ್. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ಆಫೀಸಿನಲ್ಲಿ ಇದನ್ನು ಮುಂದಾಲೋಚನೆ ಅನ್ನುತ್ತಾರೆ, ಮನೆಯಲ್ಲಿ ಪುಕ್ಕಲುತನ ಅನ್ನುತ್ತಾರೆ. ಇರಲಿ. ಈ ಕೆಳಗಿನ ಪ್ರಸಂಗಗಳು ನಡೆಯುವಾಗ ಮಾತ್ರ ಪುಕ್ಕಲು ನಾನೊಬ್ಬಳೇ ಆಗಿರಲಿಲ್ಲ.

ನೀರು ತುಂಬುವ ಹಬ್ಬ

ನನ್ನ ಮಾವನವರು ಮೈಸೂರಿನ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಸಿಡ್ನಿಗೆ ಬಂದು ಗಿರಾವೀನ್‌ನ ನಮ್ಮ ಬಾಡಿಗೆ ಮನೆಯಲ್ಲಿ ನಮ್ಮ ಜೊತೆ ಸೇರಿಕೊಂಡರು. ಆ ವರ್ಷ ದೀಪಾವಳಿಯ ನೀರು ತುಂಬುವ ಹಬ್ಬದ ದಿನ ನಾನೂ ನಮ್ಮನೆಯವರೂ ಆಫೀಸಿನಲ್ಲಿದ್ದೆವು, ಮಗಳು ಸ್ಕೂಲಿನಲ್ಲಿದ್ದಳು. ಹಬ್ಬದ ಕ್ರಮ ಗೊತ್ತಲ್ಲ, ಹಂಡೆ ಕೊಡಗಳನ್ನೆಲ್ಲ ಖಾಲಿ ಮಾಡಿ, ತಿಕ್ಕಿ ತೊಳೆದು, ಹೊಸ ನೀರು ತುಂಬಬೇಕು. ಮಾವ ಹಂಡೆ ಹುಡುಕಿದರು. ಈ ದೇಶದ ಬಾಡಿಗೆ ಮನೆಯಲ್ಲಿ ಹಂಡೆ ಎಲ್ಲಿಂದ ಬರಬೇಕು? ಮನೆಯೆಲ್ಲ ತಿರುಗಿದರೂ ನೀರು ಹಿಡಿಯುವ ದೊಡ್ಡ ಪಾತ್ರೆ ಅಂತ ಅವರಿಗೆ ಸಿಕ್ಕಿದ್ದು ಒಂದೇ, ಫಿಶ್ ಟ್ಯಾಂಕ್.

ಮೀನುಗಳನ್ನು ಬಕೆಟ್ಟಿಗೆ ಹಾಕಿ, ಟ್ಯಾಂಕನ್ನೂ ಕಲ್ಲುಗಳನ್ನೂ ಫಿಲ್ಟರನ್ನೂ ಹುಣಸೇಹಣ್ಣು ಹಚ್ಚಿ ತಿಕ್ಕಿ, ನಲ್ಲಿಯಿಂದ ನೇರವಾಗಿ ಹೊಸ ನೀರು ತುಂಬಿ, ಗಾಜಿಗೆ ಅರಿಶಿನ ಕುಂಕುಮ ಇಟ್ಟು, ಮೇಲೊಂದು ಹೂವಿಟ್ಟು, ಮೀನುಗಳನ್ನು ಮತ್ತೆ ಒಳಗೆ ಬಿಟ್ಟಿದ್ದರು. ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ವಿಷ, ಅದನ್ನು ತೆಗೆಯಲು ಔಷಧಿಯ ಹನಿ ಹಾಕಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಂಜೆ ನಾವು ಬಂದಾಗ ಟ್ಯಾಂಕ್ ಫಳಫಳ ಹೊಳೆಯುತ್ತಿತ್ತು, ಮೀನುಗಳೆಲ್ಲ ಅಂಗಾತ ತೇಲುತ್ತಿದ್ದವು.

"ತಾತ, ವಾಟ್ ಡಿಡ್ ಯು ಡೂ?" ಎಂದು ಮಗಳು ಅಳುತ್ತಾ ಕೇಳಿದಳು.

"ಹಬ್ಬ ಅಲ್ವೇನಮ್ಮ, ತೊಳೆದೆ," ಎಂದರು ಮಾವ.

ಅದೇ ವಾರ ಹೃದಯದ ಡಾಕ್ಟರು ಮಾವನ ರಿಪೋರ್ಟ್ ನೋಡಿ ಬೈಪಾಸ್ ಮಾಡಬೇಕು ಎಂದರು. ಇವತ್ತೇ ಆಗಬೇಕೆಂದಿಲ್ಲ, ಆದರೆ ಒಂದು ವರ್ಷ ದಾಟಿಸಬಾರದು. ಕಾರಿನಲ್ಲಿ ಮಾವ ಸ್ಪಷ್ಟವಾಗಿ ಹೇಳಿಬಿಟ್ಟರು. "ಹಬ್ಬದ ದಿನ ಅಷ್ಟು ಜೀವ ತೆಗೆದ ಕೈ ಇದು. ಈಗ ನನ್ನ ಎದೆ ಬಿಚ್ಚಿದ್ರೆ ಮತ್ತೆ ಮುಚ್ತಾರೆ ಅಂತ ಏನು ಗ್ಯಾರಂಟಿ? ಮೊದಲು ಟ್ಯಾಂಕ್ ತುಂಬ್ಲಿ. ಒಂದು ಜೀವವಾದ್ರೂ ನನ್ನ ಕೈಯಲ್ಲಿ ಉಳೀಲಿ. ಆಮೇಲೆ ನೋಡೋಣ."

ನಾನು ಹೆದರಿ ಹೋದೆ. ಮುಂದಿನ ಸಲ ಡಾಕ್ಟರು ತಡವೇಕೆ ಎಂದು ಕೇಳಿದರು. ನಮ್ಮನೆಯವರು ಮುಖ ಸಣ್ಣಗೆ ಮಾಡಿಕೊಂಡು, ಅಪ್ಪನಿಗೆ ಮೀನಿನದೇ ಯೋಚನೆ ಎಂದರು. ಡಾಕ್ಟರು ತಲೆದೂಗಿ, "ಮೀನು ಹೃದಯಕ್ಕೆ ಬಹಳ ಒಳ್ಳೆಯದು, ವಾರಕ್ಕೆ ಎರಡು ಸಲ ತಿನ್ನಲಿ," ಎಂದರು.

ಯಾವ ಕಮ್ಯುನಿಟಿ?

ಟ್ಯಾಂಕಿನ ನೀರು ಹದಕ್ಕೆ ಬಂದ ಮೇಲೆ ಮಾವನನ್ನು ಕರೆದುಕೊಂಡು ಪ್ಯಾರಮಟ್ಟಾ ಕಡೆಯ ಮೀನಿನ ಅಂಗಡಿಗೆ ಹೋದೆ. ಅಂಗಡಿಯವನಿಗೆ ಉದ್ದ ಗಡ್ಡ, ತೋಳಿನ ಮೇಲೆ ಮೀನಿನ ಹಚ್ಚೆ. ನಿಮಗೆ ಕಮ್ಯುನಿಟಿ ಫಿಶ್ ಬೇಕಾ, ಸಿಕ್ಲಿಡ್ ಬೇಕಾ ಎಂದು ಕೇಳಿದ. ಜಗಳವಾಡದೆ ಒಟ್ಟಿಗೆ ಇರುವ ಸಣ್ಣ ಮೀನುಗಳಿಗೆ ಕಮ್ಯುನಿಟಿ ಫಿಶ್ ಅನ್ನುತ್ತಾರೆ. ಸಿಕ್ಲಿಡ್ ಎಂದರೆ ದಕ್ಷಿಣ ಅಮೆರಿಕ, ಆಫ್ರಿಕಾದ ನದಿ ಕೆರೆಗಳ ಕಡೆಯವು, ಬಣ್ಣಕ್ಕೂ ಕೋಪಕ್ಕೂ ಹೆಸರಾದವು.

ಮಾವ ನನ್ನನ್ನು ಪಕ್ಕಕ್ಕೆ ಎಳೆದರು. "ಯಾವ ಕಮ್ಯುನಿಟಿ ಅಂತ ಕೇಳ್ತಿದ್ದಾನಾ? ಇಲ್ಲೂ ಶುರುವಾಯ್ತಾ? ಹೇಳ್ಬೇಡ ಕಣಮ್ಮ, ಬರೀ ಮೈಸೂರು ಅಂದ್ಬಿಡು."

ಅಂಗಡಿಯವನು ತಟ್ಟೆಯ ಹಾಗೆ ದುಂಡಗಿದ್ದ ಒಂದು ಮೀನು ತೋರಿಸಿ, "ಡಿಸ್ಕಸ್?" ಎಂದ. ಅದು ಆ ಮೀನಿನ ಹೆಸರು.

"ಯೆಸ್, ಯೆಸ್, ಡಿಸ್ಕಸ್," ಎಂದು ಮಾವ ಅಲ್ಲೇ ಇದ್ದ ಸ್ಟೂಲ್ ಎಳೆದುಕೊಂಡು ಕೂತರು. ಅವನು ಮತ್ತೆ ಗಾಜು ತಟ್ಟಿ, "ಡಿಸ್ಕಸ್," ಎಂದ. "ಐ ಆಮ್ ರೆಡಿ. ಯು ಸ್ಟಾರ್ಟ್," ಎಂದರು ಮಾವ.

ಅಷ್ಟರಲ್ಲಿ ಹಿಂದಿನ ಟ್ಯಾಂಕಿನಿಂದ ಕಪ್ಪು ಮೈಯ, ಕಿತ್ತಳೆ ಬಣ್ಣದ ಬರೆಗಳಿದ್ದ ಮರಿ ಮೀನೊಂದು ಗಾಜಿನ ತನಕ ಬಂದು ಮಾವನನ್ನು ದಿಟ್ಟಿಸಿತು. ಮಾವ ಈ ಕಡೆ ಸರಿದರೆ ಅದೂ ಬಂತು, ಆ ಕಡೆ ಸರಿದರೆ ಅದೂ ಹೋಯಿತು. "ನೋಡಮ್ಮ, ಟಿಕೆಟ್ ಟಿಕೆಟ್ ಅಂತ ಬೆನ್ನು ಹತ್ತಿದಾನೆ. ಪಕ್ಕಾ ಕಂಡಕ್ಟರ್ ಇವನು." ಆಸ್ಕರ್ ಎಂಬ ಜಾತಿಯ ಆ ಸಿಕ್ಲಿಡ್‌ಗೆ ಕಂಡಕ್ಟರ್ ಎಂಬ ಹೆಸರು ಅಲ್ಲೇ ಆಯಿತು.

ಆಸ್ಕರ್ ಬೆಳೆಯುತ್ತಾನೆ, ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತಾನೆ, ಜೊತೆಗೆ ಸಣ್ಣ ಮೀನು ಹಾಕಬೇಡಿ ಎಂದು ಅಂಗಡಿಯವನು ಎಚ್ಚರಿಸಿದ. ನಾನು ಇದನ್ನು ಕನ್ನಡದಲ್ಲಿ ಮಾವನಿಗೆ ವಿವರಿಸಿದೆ. ಅವರು ಆಗಲೇ ಹೊಳೆಯುವ ಪುಟ್ಟ ಟೆಟ್ರಾ ಮೀನುಗಳ ಕಡೆ ಬೆರಳು ತೋರಿಸುತ್ತಿದ್ದರು.

"ಕಂಡಕ್ಟರ್ ಅಂದ ಮೇಲೆ ಪ್ಯಾಸೆಂಜರ್ ಬೇಡ್ವಾ?"

ಓವರ್‌ಲೋಡ್

ಕಂಡಕ್ಟರ್ ಬೆಳೆದ. ಪ್ಯಾಸೆಂಜರ್‌ಗಳು ಕಡಿಮೆಯಾಗುತ್ತಾ ಬಂದರು.

ಮಾವ ಬೆಳಿಗ್ಗೆ ಕಾಫಿ ಹಿಡಿದು ಟ್ಯಾಂಕಿನ ಮುಂದೆ ಕೂತಾಗಲೆಲ್ಲ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅವರ ಮುಖವನ್ನೇ ನೋಡುತ್ತಿದ್ದೆ. ಇವತ್ತು ಕಡಿಮೆಯಾದದ್ದು ಗೊತ್ತಾದರೆ? ಆಪರೇಷನ್ನೇ ಬೇಡ ಅಂದುಬಿಟ್ಟರೆ? ಊಟದ ಬಿಡುವಿನಲ್ಲಿ ಯಾರಿಗೂ ಹೇಳದೆ ಅಂಗಡಿಗೆ ಓಡಿ ಹೊಸ ಟೆಟ್ರಾ ತಂದು ಬಿಡತೊಡಗಿದೆ. ಮತ್ತೆ ಕಡಿಮೆಯಾದವು, ಮತ್ತೆ ತಂದೆ. ಆದರೂ ಲೆಕ್ಕ ಏನೋ ತಾಳೆಯಾಗುತ್ತಿರಲಿಲ್ಲ. ಕೆಲವು ದಿನ ನಾನು ಬಿಟ್ಟದ್ದಕ್ಕಿಂತ ಹೆಚ್ಚೇ ಇರುತ್ತಿದ್ದವು. ಕೊನೆಗೊಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಹೊರಬರುತ್ತಿದ್ದ ನಮ್ಮನೆಯವರು ಎದುರಾದರು.

"ರೀ, ನೀವೂನಾ?" ಎಂದೆ.

"ಅಪ್ಪಂಗೆ ಹೇಳ್ಬೇಡ," ಎಂದರು.

ಒಳಗಿಂದ ಅಂಗಡಿಯವನು ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಗಡ್ಡ ಕೆರೆದುಕೊಂಡ. ನೀವು ಗಂಡ ಹೆಂಡತಿ ಅಂತ ಗೊತ್ತಿರಲಿಲ್ಲ, ಇಷ್ಟು ಚೆನ್ನಾಗಿ ಊಟ ಮಾಡುವ ಆಸ್ಕರ್ ಸಿಡ್ನಿಯಲ್ಲೇ ಬೇರೆ ಇಲ್ಲ ಎಂದ. ಕಂಡಕ್ಟರ್‌ಗೆ ಮೀನಿಗೆಂದೇ ಮಾಡಿದ ಕಾಳು ಹಾಕಿ, ಸಣ್ಣದೇನಾದರೂ ಬೇಕಿದ್ದರೆ ಮಗಳ ಕೋಣೆಗೆ ಬೇರೆ ಟ್ಯಾಂಕ್ ಇಡಿ ಎಂದು ಬುದ್ಧಿ ಹೇಳಿ ಕಳಿಸಿದ.

ಮನೆಗೆ ಬಂದು ಮಾವನ ಮುಂದೆ ನಿಂತೆ. "ಮಾವ, ಟೆಟ್ರಾ ಕಡಿಮೆ ಆಗ್ತಿರೋದು ಗಮನಿಸಿದ್ರಾ?"

"ನನಗೇನು ಕಣ್ಣಿಲ್ವೇನಮ್ಮ? ಪ್ಯಾಸೆಂಜರ್ ಅಂದ ಮೇಲೆ ಅವರವರ ಸ್ಟಾಪ್ ಬಂದಾಗ ಇಳ್ಕೊತಾರೆ. ಕಂಡಕ್ಟರ್ ಇಳೀಬಾರ್ದು. ಅವನು ಇರೋವರೆಗೂ ನಾನು ಆಪರೇಷನ್‌ಗೆ ಬರ್ತೀನಿ. ಅವನು ಹೋದ್ರೆ ಮಾತ್ರ ನನ್ನ ಕರೀಬೇಡಿ." ಹೀಗಂದು ಕಾಫಿ ಗುಟುಕರಿಸಿದರು. "ಆದ್ರೆ ಹೋದ ಗುರುವಾರ ಯಾಕಮ್ಮ ಅಷ್ಟೊಂದು ಓವರ್‌ಲೋಡ್ ಆಗಿತ್ತು?"

ರಾಮ್ ಹೋಗ್ಬಿಟ್ಟ

ಮಗಳ ಕೋಣೆಯ ಪುಟ್ಟ ಟ್ಯಾಂಕಿಗೆ ತಂದದ್ದು ಒಂದು ನೀಲಿ ಬಣ್ಣದ ಗಿಡ್ಡ ಸಿಕ್ಲಿಡ್. ಆ ಜಾತಿಗೆ ರ್‍ಯಾಮ್ ಅನ್ನುತ್ತಾರೆ, ನಮ್ಮ ಬಾಯಲ್ಲಿ ರಾಮ್ ಆಯಿತು. ಅದು ಬಹಳ ಸೂಕ್ಷ್ಮದ ಮೀನು, ಹೆಚ್ಚು ದಿನ ಬಾಳಲಿಲ್ಲ. ಒಂದು ಶನಿವಾರ ಬೆಳಿಗ್ಗೆ ನಾನು ಹ್ಯಾರಿಸ್ ಪಾರ್ಕ್‌ನ ಅಂಗಡಿಯಲ್ಲಿ ದಿನಸಿ ಕೊಳ್ಳುತ್ತಿದ್ದಾಗ ನಮ್ಮನೆಯವರು ಸತ್ತ ಮೀನನ್ನು ನೋಡಿ ನನಗೆ ಮೆಸೇಜ್ ಕಳಿಸಿದರು. "ರಾಮ್ ಹೋಗ್ಬಿಟ್ಟ. ಅಪ್ಪಂಗೆ ಗೊತ್ತಾಗ್ಬಾರ್ದು. ಹಿತ್ತಲಲ್ಲಿ ಹೂತುಬಿಡ್ತೀನಿ."

ನನಗೆ ಕಳಿಸಿದೆ ಅಂದುಕೊಂಡರು ಅಷ್ಟೆ. ಅದು ಹೋದದ್ದು ನಮ್ಮ ಸಬರ್ಬಿನ ಕನ್ನಡದವರ ವಾಟ್ಸಾಪ್ ಗ್ರೂಪಿಗೆ.

ನಾನು ಮನೆ ತಲುಪುವಾಗ ರಸ್ತೆಯ ತುಂಬ ಕಾರು. ಒಳಗೆ ಸೋಫಾ ತುಂಬ ಅಂಕಲ್‌ಗಳು, ಅಡುಗೆಮನೆ ತುಂಬ ಆಂಟಿಯರು, ಎಲ್ಲರೂ ಪಿಸುಮಾತಿನಲ್ಲಿ. ನಮ್ಮನೆಯವರಿಗೆ ರಾಮ್ ಎಂಬ ತಮ್ಮನಿದ್ದಾನೆ ಎಂದು ಯಾರೋ ಊಹಿಸಿ ಎಲ್ಲರಿಗೂ ಹೇಳಿದ್ದರು. ನಮ್ಮನೆಯವರೋ, ಮಣ್ಣು ಮೆತ್ತಿದ ಸಲಿಕೆ ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದರು. ಪಕ್ಕದ ರಸ್ತೆಯ ಅಂಕಲ್ ನನ್ನನ್ನು ಮೂಲೆಗೆ ಕರೆದು, ಬೆವರು ಒರೆಸಿಕೊಳ್ಳುತ್ತಾ ಹೇಳಿದರು. "ನೋಡಮ್ಮ, ದುಃಖ ಇರುತ್ತೆ, ಒಪ್ಕೊತೀನಿ. ಆದ್ರೆ ಈ ದೇಶದಲ್ಲಿ ಹಿತ್ತಲಲ್ಲಿ ಹೂಳೋಕೆ ಆಗಲ್ಲ. ಆಮೇಲೆ ಇಲ್ಲಿ ಇರೋಕೆ ಬಿಡ್ತಾರಾ? ನಮ್ಮೆಲ್ಲರ ಪಿಆರ್ ವಿಷಯ."

ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಮಾವನ ಮುಖ ನೋಡಿದಾಗ. ಎಲ್ಲರೂ ತಮ್ಮನ್ನೇ ನೋಡುತ್ತಾರೆ, ತಾವು ನೋಡಿದರೆ ಕಣ್ಣು ತಪ್ಪಿಸುತ್ತಾರೆ. ಅವರ ಕೈ ಎದೆಯ ಮೇಲಿತ್ತು. ನನ್ನನ್ನು ಹತ್ತಿರ ಕರೆದರು. "ನಿಜ ಹೇಳಮ್ಮ. ನನ್ನ ರಿಪೋರ್ಟ್ ಬಂತಾ? ಇವರೆಲ್ಲ ನನ್ನನ್ನ ನೋಡಿಕೊಂಡು ಹೋಗೋಕೆ ಬಂದಿದಾರಾ?"

ನನಗಿಂತ ಮೊದಲು ಮಗಳು ಬಾಯಿ ಬಿಟ್ಟಳು. "ನೋ ತಾತ, ಇಟ್ಸ್ ಜಸ್ಟ್ ಮೈ ಫಿಶ್."

ಮಾವ ಉಸಿರು ಬಿಟ್ಟು, ತಿರುಗಿ ಕಂಡಕ್ಟರ್ ಇದ್ದಾನೆ ಎಂದು ಖಾತ್ರಿ ಮಾಡಿಕೊಂಡು, ಬಂದವರಿಗೆಲ್ಲ ಕೈ ಮುಗಿದರು.

"ಎಲ್ಲರೂ ಬಂದಿದೀರ, ಸಂತೋಷ. ಹನ್ನೊಂದನೇ ದಿನಕ್ಕೂ ಬನ್ನಿ."

ಮನೆ ಬಾಡಿಗೆಗೆ ಇದೆ

ಇದರ ನಡುವೆ ನಮ್ಮನೆಯವರಿಗೆ ಮೆಲ್ಬರ್ನಿಗೆ ವರ್ಗವಾಯಿತು. ಅಲ್ಲಿನ ಕ್ರೇಗಿಬರ್ನ್‌ನಲ್ಲಿ ಮನೆ ಸಿಕ್ಕಿತು, ಮಾವನ ಆಪರೇಷನ್ನೂ ಅಲ್ಲಿಯ ಆಸ್ಪತ್ರೆಗೆ ಬದಲಾಯಿತು. ನಮ್ಮನೆಯವರು ಒಂದು ವಾರ ಮುಂಚೆ ಟ್ಯಾಂಕ್ ಒಯ್ದು ಹೊಸ ಮನೆಯಲ್ಲಿ ಕೂರಿಸಿ ಬಂದರು. ಆ ಒಂದು ವಾರ ಕಂಡಕ್ಟರ್ ನಮ್ಮ ಗಿರಾವೀನ್ ಮನೆಯ ಬಾತ್‌ಟಬ್ಬಿನಲ್ಲಿದ್ದ. ಆಗ ಅವನು ಊಟದ ತಟ್ಟೆಯಷ್ಟಾಗಿದ್ದ.

ಅದೇ ವಾರ ಏಜೆಂಟ್ ಹೊಸ ಬಾಡಿಗೆದಾರರಿಗೆ ಮನೆ ತೋರಿಸಲು ಬಂದಳು. ನಮ್ಮ ಕರಾರಿನಲ್ಲಿ ಸಾಕುಪ್ರಾಣಿ ಇರಕೂಡದು ಎಂದಿತ್ತು. ನಾನು ಬಾತ್‌ರೂಮಿನ ಪರದೆ ಎಳೆದು, ದೇವರಿಗೆ ಕೈ ಮುಗಿದು, ಅಡುಗೆಮನೆಯ ಬಾಗಿಲ ಮರೆಯಿಂದ ಇಣುಕುತ್ತಾ ನಿಂತೆ. ಸಿಡ್ನಿಯಲ್ಲಿ ಒಂದು ಬಾಡಿಗೆ ಮನೆ ಅಂದರೆ ಗೇಟಿನ ಆಚೆವರೆಗೂ ಸಾಲು. ಮಾವ ಬಾತ್‌ರೂಮಿನ ಬಾಗಿಲಿಗೆ ಅಡ್ಡ ನಿಂತು, "ಮೂವ್ ಮೂವ್, ಗೋ ಇನ್‌ಸೈಡ್," ಎಂದು ಎಲ್ಲರನ್ನೂ ಮುಂದೆ ದಬ್ಬುತ್ತಿದ್ದರು. ಒಬ್ಬ ಹೆಂಗಸು ಮಾತ್ರ ಅವರ ತೋಳಿನ ಕೆಳಗೆ ನುಸುಳಿ ಪರದೆ ಸರಿಸಿದಳು. ಕಂಡಕ್ಟರ್ ಬಾಲ ಬಡಿದು ಅವಳ ಮುಖಕ್ಕೆ ನೀರು ಎರಚಿದ.

ಅವಳು ಮುಖ ಒರೆಸಿಕೊಂಡು ಏಜೆಂಟ್ ಕಡೆ ತಿರುಗಿದಳು.

"ಪರವಾಗಿಲ್ಲ, ಮೀನು ಇರಲಿ. ನಾವು ಶವರ್‌ನಲ್ಲಿ ಅಡ್ಜಸ್ಟ್ ಮಾಡಿಕೊಳ್ತೀವಿ. ಮನೆ ನಮಗೇ ಕೊಡಿ."

ಒಂದು, ಎರಡು, ಮೂರು

ಅಷ್ಟು ದೂರದ ಕಾರು ಪ್ರಯಾಣ ಮಾವನಿಗೆ ಬೇಡ ಎಂದು ಡಾಕ್ಟರು ಹೇಳಿದ್ದರು. ಅವರು ಮಗನ ಜೊತೆ ಮರುದಿನ ವಿಮಾನದಲ್ಲಿ ಬರುವುದು, ನಾನೂ ಮಗಳೂ ಕಂಡಕ್ಟರನ್ನು ಕಾರಿನಲ್ಲಿ ಒಯ್ಯುವುದು ಎಂದಾಯಿತು. ಪಿಕ್‌ನಿಕ್‌ಗೆ ಐಸ್ ಹಾಕುವ ದೊಡ್ಡ ಡಬ್ಬಿಯಲ್ಲಿ ನೀರು ತುಂಬಿ, ಬ್ಯಾಟರಿ ಪಂಪ್ ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ಅವನನ್ನು ಕೂರಿಸಿದೆವು. ಮಾವ ಕಿಟಕಿಗೆ ಬಾಗಿ ನನಗಷ್ಟೇ ಕೇಳುವಂತೆ, "ನಿನ್ನ ಕೈಲಿ ಇರೋದು ಅವನೊಬ್ಬನೇ ಅಲ್ಲ ಕಣಮ್ಮ," ಎಂದರು. ದಾರಿಯುದ್ದಕ್ಕೂ ನನಗೆ ಅದೇ ಮಾತು ಕಿವಿಯಲ್ಲಿ.

ಹೈವೇಯಲ್ಲಿ ಪೊಲೀಸರು ಕೈ ತೋರಿಸಿದರು. ಕುಡಿದಿದ್ದಾರೆಯೇ ಎಂದು ಎಲ್ಲರನ್ನೂ ನಿಲ್ಲಿಸಿ ನೋಡುವುದು ಇಲ್ಲಿ ಮಾಮೂಲು. ಆದರೂ ಪೊಲೀಸ್ ಕಂಡರೆ ನನ್ನ ಕೈ ತಾನಾಗಿಯೇ ಪಾಸ್‌ಪೋರ್ಟ್ ಹುಡುಕುತ್ತದೆ. ಅಷ್ಟರಲ್ಲಿ ಹಿಂದಿನ ಡಬ್ಬಿಯೊಳಗಿಂದ ಧಡ್ ಎಂದು ಸದ್ದಾಯಿತು. ಒಳಗೆ ಯಾರಿದ್ದಾರೆ ಎಂದು ಪೊಲೀಸ್ ಕೇಳಿದ. ಮಗಳು ತಣ್ಣಗೆ, "ಕಂಡಕ್ಟರ್. ಹೀ ಈಸ್ ಫ್ರಮ್ ಸೌತ್ ಅಮೆರಿಕ," ಎಂದಳು.

ಪೊಲೀಸ್ ನಿಧಾನವಾಗಿ ಮುಚ್ಚಳ ಎತ್ತಿ ನೋಡಿ, ಅಷ್ಟೇ ನಿಧಾನವಾಗಿ ಮುಚ್ಚಿದ. ಆಮೇಲೆ ಯಂತ್ರವನ್ನು ನನ್ನ ಬಾಯಿಗೆ ಹಿಡಿದು, ಹತ್ತರವರೆಗೆ ಎಣಿಸಿ ಎಂದ. ಗಾಬರಿಯಲ್ಲಿ ನನಗೆ ಇಂಗ್ಲಿಷೇ ಮರೆತುಹೋಯಿತು. ಒಂದು, ಎರಡು, ಮೂರು ಎಂದು ಶುರು ಮಾಡಿದವಳು ನಿಲ್ಲಿಸುವುದನ್ನೂ ಮರೆತೆ. ಹತ್ತು ಯಾವಾಗ ಬಂತು ಎಂದು ಅವನಿಗೆ ತಿಳಿಯುವುದು ಹೇಗೆ? ಪಾಪ, ಯಂತ್ರ ಹಿಡಿದುಕೊಂಡೇ ನಿಂತಿದ್ದ. ಮೂವತ್ತರ ಹತ್ತಿರ ಬಂದಾಗ ಮಗಳು ಕಿಟಕಿಯಿಂದ ತಲೆ ಹಾಕಿದಳು.

"ಯು ಕ್ಯಾನ್ ಸ್ಟಾಪ್ ಹರ್ ನೌ. ಶೀ ನೋಸ್ ಅಪ್ ಟು ಎ ಕ್ರೋರ್."

ಸ್ಪೇರ್

ಕ್ರೇಗಿಬರ್ನ್ ತಲುಪಿದಾಗ ಇನ್ನೂ ಬೆಳಕಿತ್ತು. ಹದಗೊಳಿಸಿದ ನೀರಿಗೆ ಕಂಡಕ್ಟರನ್ನು ಮೆಲ್ಲಗೆ ಬಿಟ್ಟೆವು. ಅವನು ಒಂದು ಸುತ್ತು ಹೊಡೆದು, ತಳಕ್ಕೆ ಇಳಿದು, ಮಗ್ಗುಲಾಗಿ ಬಿದ್ದುಕೊಂಡ. ಮೈಯ ಕಿತ್ತಳೆ ಬರೆಗಳೂ ಕಪ್ಪಿಟ್ಟವು. ಗಾಜು ತಟ್ಟಿದೆ, ಅಲುಗಲಿಲ್ಲ. ಕಾಳು ಹಾಕಿದೆ, ಅದು ಅವನ ಮೇಲೇ ಬಂದು ಕೂತಿತು. ಬೆಳಿಗ್ಗೆ ಎದ್ದು ನೋಡಿದರೂ ಹಾಗೇ.

ಅವನು ಸತ್ತೇಹೋದ ಎಂದುಕೊಂಡೆ. ಮಧ್ಯಾಹ್ನ ಮಾವ ಬರುತ್ತಾರೆ. ಬಂದವರು ಮೊದಲು ನೋಡುವುದು ಇವನನ್ನೇ. ಆಮೇಲೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಯಾರಿಂದಲೂ ಆಗದು. ಅಡುಗೆಮನೆಯಲ್ಲಿ ಇನ್ನೂ ಬಿಚ್ಚದ ಡಬ್ಬಿಗಳ ಮಧ್ಯೆ ಕೂತು ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು, ಕಂಡಕ್ಟರನ ಫೋಟೋ ಹಿಡಿದು, ಮಗಳ ಜೊತೆ ಆ ಕಡೆಯ ಮೀನಿನ ಅಂಗಡಿಗಳಿಗೆಲ್ಲ ಓಡಿದೆ. ಕೊನೆಗೊಂದು ಕಡೆ ಸಿಕ್ಕಿತು, ಅದೇ ಅಳತೆ, ಅದೇ ಕಿತ್ತಳೆ ಬರೆ, ಅದೇ ಸಿಡುಕು ಮುಖ.

ಮನೆಗೆ ಬಂದು ಹೊಸಬನನ್ನು ಟ್ಯಾಂಕಿಗೆ ಬಿಟ್ಟು, ಹಳಬನನ್ನು ತೆಗೆಯಲು ಬಲೆ ಎತ್ತಿದೆ, ನೋಡಿ. ಸತ್ತವನು ಕಣ್ಣು ತಿರುಗಿಸಿದ. ಹೊಸಬನನ್ನು ಕಂಡ. ಧಿಗ್ಗನೆ ಎದ್ದವನೇ ಬಾಯಿಗೆ ಬಾಯಿ ಕಚ್ಚಿ ಅವನನ್ನು ಟ್ಯಾಂಕಿನ ತುಂಬ ಎಳೆದಾಡಿದ. ಆಮೇಲೆ ತಿಳಿಯಿತು, ಆಸ್ಕರ್ ಮೀನುಗಳಿಗೆ ಜಾಗ ಬದಲಾಯಿಸಿದರೆ ಮುನಿಸು ಬರುತ್ತದಂತೆ, ಸತ್ತ ಹಾಗೆ ಮಲಗಿಬಿಡುತ್ತವಂತೆ. ಆಗ ನನಗೇನು ಗೊತ್ತು? ನಾನು ಕುಣಿಯಬೇಕೋ ಅಳಬೇಕೋ ತಿಳಿಯದೆ ಬಲೆ ಹಿಡಿದು ನಿಂತಿದ್ದೆ. ಬಾಗಿಲು ತೆರೆಯಿತು. ಮಾವ ಶೂ ಬಿಚ್ಚದೆ ನೇ‌ರ ಟ್ಯಾಂಕಿನ ಮುಂದೆ ಬಂದರು.

"ಇದೇನಮ್ಮ, ಇಬ್ಬರಿದಾರೆ?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಮಾವ ಟ್ಯಾಂಕಿನ ಕಡೆ ಬಗ್ಗಿ ಒಮ್ಮೆ ಹಳಬನನ್ನೂ ಒಮ್ಮೆ ಹೊಸಬನನ್ನೂ ನೋಡಿದರು. ಮುಗಿಯಿತು ಅಂದುಕೊಂಡೆ.

"ಅಂದ್ರೆ ಅವನು ನಿಜವಾಗ್ಲೂ ಹೋಗಿದ್ರೆ, ಈ ಸ್ಪೇರ್ ತೋರಿಸಿ ನನ್ನ ಆಪರೇಷನ್‌ಗೆ ಕಳಿಸ್ತಿದ್ದೆ?"

"ಹೌದು ಮಾವ."

"ಅಷ್ಟು ಭಯವಾ ನಿಂಗೆ?"

"ತುಂಬಾ ಭಯ ಮಾವ."

"ನನಗೂ ಕಣಮ್ಮ. ಮೀನು ಒಂದು ನೆಪ. ಆ ಆಪರೇಷನ್ ಮೇಜು ನೆನೆಸಿಕೊಂಡ್ರೆ ನನಗೆ ನಿದ್ದೆ ಬರಲ್ಲ." ಅವರ ಕಣ್ಣು ತುಂಬಿತ್ತು. ಮರುಕ್ಷಣವೇ ಮೈ ಅಲುಗಿಸಿ ನಗತೊಡಗಿದರು. "ಆದ್ರೆ ಈಗ ಅದಕ್ಕಿಂತ ನಿನ್ನ ಕಂಡ್ರೆ ಭಯ ಆಗ್ತಿದೆ. ನಾನು ಆಪರೇಷನ್ ಬೇಡ ಅಂದು ಏನಾದ್ರೂ ಹೆಚ್ಚುಕಮ್ಮಿ ಆಯ್ತು ಅನ್ಕೋ, ನೀನು ನನ್ನ ಅಳತೆಯವನನ್ನೇ ಒಬ್ಬನ್ನ ಹುಡುಕಿ ತಂದು ಈ ಸೋಫಾ ಮೇಲೆ ಕೂರಿಸ್ತೀಯ. ನನ್ನ ಮಗಂಗೆ ಗೊತ್ತೂ ಆಗಲ್ಲ. ಬೇಡಪ್ಪ ಬೇಡ, ಹೋಗೋಣ ನಡಿ."

ಹೊಸಬನನ್ನು ಆ ಸಂಜೆಯೇ ಅಂಗಡಿಗೆ ಹಿಂದಿರುಗಿಸಿದೆವು. ಮಾವ ಆಸ್ಪತ್ರೆಗೆ ಹೋದರು. ಆಪರೇಷನ್ ನಡೆಯುವಷ್ಟು ಹೊತ್ತೂ ಹೊರಗಿನ ಕುರ್ಚಿಯಲ್ಲಿ ಕೂತು, ಏನೇನು ಕೆಡಬಹುದು ಎಂದು ಯೋಚಿಸುವ ನನ್ನ ಹಾಳು ಬುದ್ಧಿಯನ್ನು ಬೈದುಕೊಂಡೆ. ಚೆನ್ನಾಗಿ ಆಯಿತು ಎಂದು ಡಾಕ್ಟರು ಹೇಳಿದರೂ ನಂಬಿಕೆ ಬರಲಿಲ್ಲ. ಮರುದಿನ ಒಳಗೆ ಬಿಟ್ಟರು. ಮೈಯೆಲ್ಲ ನಳಿಕೆ, ಊದಿದ ಮುಖ, ಬಣ್ಣವೇ ಬೇರೆ. ಇವರು ನಮ್ಮ ಮಾವನವರೇ ಹೌದೋ ಅಲ್ಲವೋ ಎಂದು ಬಗ್ಗಿ ಬಗ್ಗಿ ನೋಡಿದೆ.

ಮಾವ ಒಂದು ಕಣ್ಣು ತೆರೆದರು.

"ಹಂಗ್ಯಾಕಮ್ಮ ನೋಡ್ತೀಯ? ಹಳಬನೇ. ಬದಲಾಯಿಸಿಲ್ಲ."